ಅಡ್ವಾ ವಿಜಯ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಾರ್ಚ್ 2ರಂದು ಇಥಿಯೋಪಿಯಾದಲ್ಲಿ ರಾಷ್ಟ್ರೀಯ ರಜೆ. ನಾವು ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಆಫ್ರಿಕಾ ಅಂದರೆ ಯುರೋಪಿನವರು ಹಂಚಿಕೊಂಡ ಖಂಡ. ಹಂಚಿಕೊಳ್ಳಲು ಬಂದವರನ್ನು ಸೋಲಿಸಿ ವಾಪಸ್ ಕಳಿಸಿದ ದೇಶವೂ ಅಲ್ಲೊಂದಿತ್ತು ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಈ ರಜೆಯ ಹಿಂದಿನ ಕಥೆಯ ಬಗ್ಗೆ ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಅಡ್ವಾ ವಿಜಯ ದಿನ ಅಂದರೆ ಏನು?

1896ರ ಮಾರ್ಚ್ 1, ಭಾನುವಾರ. ಇಥಿಯೋಪಿಯಾದ ಉತ್ತರದಲ್ಲಿ, ಇವತ್ತಿನ ಟಿಗ್ರಾಯ್ ಪ್ರಾಂತ್ಯದ ಅಡ್ವಾ ಎಂಬ ಊರಿನ ಹತ್ತಿರದ ಬೆಟ್ಟಗಳಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಸೈನ್ಯ ಇಟಲಿಯ ಸೈನ್ಯವನ್ನು ಒಂದೇ ದಿನದಲ್ಲಿ ಸೋಲಿಸಿತು. ಅದರ ನೆನಪಿಗೇ ಈ ರಜೆ. ವಸಾಹತುಶಾಹಿಯ ಕಾಲದಲ್ಲಿ ಯುರೋಪಿನ ಸೈನ್ಯಗಳು ಆಫ್ರಿಕಾದಲ್ಲಿ ಬೇರೆ ಕಡೆಯೂ ಒಂದೊಂದು ಕಾಳಗ ಸೋತಿವೆ. ಆದರೆ ಅಲ್ಲೆಲ್ಲ ಹೆಚ್ಚಾಗಿ ಆಮೇಲೆ ದೊಡ್ಡ ಸೈನ್ಯ ಬಂದು ದೇಶವನ್ನು ನುಂಗಿತು. ಅಡ್ವಾದ ನಂತರ ಹಾಗಾಗಲಿಲ್ಲ. ಸೋತ ಇಟಲಿ ಮೇಜಿನ ಮುಂದೆ ಕೂತು, ಇಥಿಯೋಪಿಯಾ ಸ್ವತಂತ್ರ ದೇಶ ಅಂತ ಒಪ್ಪಿ ಸಹಿ ಹಾಕಬೇಕಾಯಿತು.

ಯುದ್ಧ ನಡೆದದ್ದು ಮಾರ್ಚ್ 1ಕ್ಕೆ, ರಜೆ ಮಾರ್ಚ್ 2ಕ್ಕೆ. ಯಾಕೆ?

ಇಥಿಯೋಪಿಯಾಗೆ ತನ್ನದೇ ಕ್ಯಾಲೆಂಡರ್ ಇದೆ. ವರ್ಷಕ್ಕೆ 13 ತಿಂಗಳು, ನಾವು ಬಳಸುವ ಇಂಗ್ಲಿಷ್ ಕ್ಯಾಲೆಂಡರ್‌ಗಿಂತ ಏಳೆಂಟು ವರ್ಷ ಹಿಂದೆ. ಅದರ ಪ್ರಕಾರ ಯುದ್ಧ ನಡೆದದ್ದು 1888ನೇ ವರ್ಷದ ಯೆಕಾತಿತ್ ತಿಂಗಳ 23ರಂದು. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೇ ಅಧಿಕ ವರ್ಷ ಬರುತ್ತದೆ. ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ 1900 ಅಧಿಕ ವರ್ಷ ಆಗಿರಲಿಲ್ಲ. ಹಾಗಾಗಿ ಎರಡರ ನಡುವಿನ ಅಂತರ ಒಂದು ದಿನ ಹೆಚ್ಚಿತು. ಅಂದಿನ ಯೆಕಾತಿತ್ 23 ಮಾರ್ಚ್ 1 ಆಗಿತ್ತು, ಇಂದಿನ ಯೆಕಾತಿತ್ 23 ಮಾರ್ಚ್ 2. ಅವರ ಲೆಕ್ಕದಲ್ಲಿ ದಿನ ಬದಲಾಗಿಯೇ ಇಲ್ಲ.

ಇನ್ನೊಂದು ವಿಷಯ. ಇಥಿಯೋಪಿಯಾದ ಆರ್ಥಡಾಕ್ಸ್ ಚರ್ಚಿನಲ್ಲಿ ಪ್ರತಿ ತಿಂಗಳ 23 ಸಂತ ಜಾರ್ಜ್‌ನ ದಿನ. ಅವನ ದಿನವೇ ಗೆಲುವು ಸಿಕ್ಕಿತು ಅನ್ನುವ ನಂಬಿಕೆ ಆಗಲೇ ಬೇರೂರಿತು. ಹಾಗಾಗಿ ಆಚರಣೆಯಲ್ಲಿ ಇವತ್ತಿಗೂ ಚರ್ಚಿಗೆ ದೊಡ್ಡ ಪಾಲಿದೆ.

ಇಟಲಿಗೆ ಇಥಿಯೋಪಿಯಾದಲ್ಲಿ ಏನು ಕೆಲಸವಿತ್ತು?

ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಕೆಂಪು ಸಮುದ್ರದ ದಂಡೆಗೆ ಒಮ್ಮೆಲೇ ಬೆಲೆ ಬಂತು. ಇಟಲಿ ಒಂದು ದೇಶವಾಗಿ ಒಗ್ಗೂಡಿ ಹೆಚ್ಚು ಕಾಲ ಆಗಿರಲಿಲ್ಲ. ಬ್ರಿಟನ್, ಫ್ರಾನ್ಸ್‌ಗಳ ಸಾಲಿನಲ್ಲಿ ಕೂರಬೇಕಾದರೆ ತನಗೂ ವಸಾಹತು ಬೇಕು ಅಂತ ಅಲ್ಲಿನ ನಾಯಕರು ಹಟ ಹಿಡಿದಿದ್ದರು. 1885ರಲ್ಲಿ ಇಟಲಿ ಮಸ್ಸಾವಾ ಬಂದರು ಹಿಡಿಯಿತು. ಅಲ್ಲಿಂದ ಒಳನಾಡಿಗೆ ಕೈ ಚಾಚಿದಾಗ, 1887ರಲ್ಲಿ ದೊಗಾಲಿ ಎಂಬಲ್ಲಿ ರಾಸ್ ಅಲುಲಾ (ರಾಸ್ ಅನ್ನುವುದು ಅಲ್ಲಿನ ದೊಡ್ಡ ಸರದಾರರ ಬಿರುದು) ಎಂಬ ಸೇನಾಪತಿ ಸುಮಾರು 500 ಜನರ ಇಟಾಲಿಯನ್ ತುಕಡಿಯನ್ನು ಬಹುಪಾಲು ನಾಶ ಮಾಡಿದ. ಆದರೂ ಇಟಲಿ ಹಿಂದೆ ಸರಿಯಲಿಲ್ಲ. 1889ರ ಮಾರ್ಚ್‌ನಲ್ಲಿ ಚಕ್ರವರ್ತಿ ನಾಲ್ಕನೇ ಯೋಹಾನ್ನಿಸ್ ಸುಡಾನ್ ಗಡಿಯಲ್ಲಿ, ಅಲ್ಲಿನ ಮಹ್ದಿ ಎಂಬ ಧಾರ್ಮಿಕ ನಾಯಕನ ಅನುಯಾಯಿಗಳ ಪಡೆಗಳ ಜೊತೆ ಹೋರಾಡುತ್ತಾ ಸತ್ತ. ಆ ಗೊಂದಲದಲ್ಲಿ ಇಟಲಿ ಎತ್ತರದ ಪ್ರದೇಶಕ್ಕೂ ಹತ್ತಿತು. 1890ರ ಜನವರಿ 1ರಂದು ಎರಿಟ್ರಿಯಾ ಎಂಬ ವಸಾಹತನ್ನು ಘೋಷಿಸಿತು.

ಜಗಳ ಒಂದು ಒಪ್ಪಂದದಿಂದ ಶುರುವಾಯಿತು ಅಂತಾರಲ್ಲ?

ಹೌದು, ವುಚಾಲೆ ಒಪ್ಪಂದ. 1889ರ ಮೇ 2ರಂದು ಮೆನೆಲಿಕ್ ಮತ್ತು ಇಟಲಿಯ ಪ್ರತಿನಿಧಿ ಕೌಂಟ್ ಪಿಯೆತ್ರೊ ಆಂತೊನೆಲ್ಲಿ ಇದಕ್ಕೆ ಸಹಿ ಹಾಕಿದರು. ಒಪ್ಪಂದ ಇಥಿಯೋಪಿಯಾದ ಭಾಷೆಯಾದ ಅಮ್ಹಾರಿಕ್‌ನಲ್ಲೂ ಇತ್ತು, ಇಟಾಲಿಯನ್‌ನಲ್ಲೂ ಇತ್ತು. ಯುದ್ಧಕ್ಕೆ ಕಾರಣವಾದದ್ದು ಅದರ 17ನೇ ಕಲಂ. ಬೇರೆ ದೇಶಗಳ ಜೊತೆ ವ್ಯವಹರಿಸುವಾಗ ಮೆನೆಲಿಕ್ ಬೇಕಿದ್ದರೆ ಇಟಲಿಯ ನೆರವು ಪಡೆಯಬಹುದು ಅಂತ ಅಮ್ಹಾರಿಕ್ ಪ್ರತಿ ಹೇಳುತ್ತಿತ್ತು. ಇಟಾಲಿಯನ್ ಪ್ರತಿಯ ಪ್ರಕಾರ ಅವನು ಇಟಲಿಯ ಮೂಲಕವೇ ವ್ಯವಹರಿಸಬೇಕು. ಅಂದರೆ ಇಥಿಯೋಪಿಯಾ ಇಟಲಿಯ ಕೈಕೆಳಗಿನ ದೇಶ. ಇಟಲಿ ಇದನ್ನೇ ಯುರೋಪಿನ ಉಳಿದ ಸರ್ಕಾರಗಳಿಗೆ ತಿಳಿಸಿತು.

ಮೆನೆಲಿಕ್‌ಗೆ ಇದು ಗೊತ್ತಾದ ಮೇಲೆ ಪತ್ರಗಳ ಮೂಲಕ ವಾದ ನಡೆಯಿತು, ಆಂತೊನೆಲ್ಲಿ ಮತ್ತೆ ಬಂದು ಮಾತುಕತೆ ಆಡಿದ. ರಾಣಿ ತಾಯ್ತು ಬೆತುಲ್ ಆ ಮಾತುಕತೆಗಳಲ್ಲಿ ಚೂರೂ ಬಗ್ಗಲಿಲ್ಲ. 1891ರಲ್ಲಿ ಮೆನೆಲಿಕ್ ಯುರೋಪಿನ ದೊರೆಗಳಿಗೆಲ್ಲ ಸುತ್ತೋಲೆ ಬರೆದು ತನ್ನ ದೇಶದ ಗಡಿಗಳನ್ನು ವಿವರಿಸಿದ. ದೂರದ ದೇಶಗಳು ಆಫ್ರಿಕಾವನ್ನು ಹಂಚಿಕೊಳ್ಳಲು ಬಂದರೆ ತಾನು ಸುಮ್ಮನೆ ನೋಡುತ್ತಾ ಕೂರುವವನಲ್ಲ ಅಂತಲೂ ಅದರಲ್ಲಿ ತಿಳಿಸಿದ್ದ. 1893ರಲ್ಲಿ ಒಪ್ಪಂದವನ್ನೇ ರದ್ದು ಮಾಡಿದ. ಇಟಲಿಯಿಂದ ಪಡೆದ ಸಾಲವನ್ನೂ ತೀರಿಸಿದ.

ಅವರ ಹತ್ತಿರ ಬರೀ ಭರ್ಜಿ, ಗುರಾಣಿ ಇದ್ದವಂತೆ. ನಿಜವಾ?

ನಿಜ ಅಲ್ಲ. ಈ ಮಾತು ಎಲ್ಲೆಲ್ಲೂ ಹರಿದಾಡುತ್ತದೆ, ಓದಲು ರೋಮಾಂಚನವೂ ಆಗುತ್ತದೆ. ಆದರೆ ಅದು ಇಥಿಯೋಪಿಯಾದವರ ನಿಜವಾದ ಸಾಧನೆಯನ್ನೇ ಮರೆಸಿಬಿಡುತ್ತದೆ. ಮೆನೆಲಿಕ್‌ನ ಸೈನ್ಯದಲ್ಲಿ ಸುಮಾರು ಒಂದು ಲಕ್ಷ ಜನರಿದ್ದರು. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಬಂದೂಕಿತ್ತು. ಫಿರಂಗಿಗಳೂ ಇದ್ದವು. ಇವೆಲ್ಲ ಒಂದು ದಿನದಲ್ಲಿ ಬಂದದ್ದಲ್ಲ. ಮೆನೆಲಿಕ್ ಶೋವಾ ಪ್ರಾಂತ್ಯದ ದೊರೆಯಾಗಿದ್ದ ಕಾಲದಿಂದಲೂ ವರ್ಷಗಟ್ಟಲೆ ದಂತ, ಚಿನ್ನ ಮಾರಿ ಬಂದೂಕು ಕೊಂಡಿದ್ದ. ಫ್ರೆಂಚರಿಂದ ಕೊಂಡ, ರಷ್ಯನ್ನರಿಂದ ಪಡೆದ, ಸ್ನೇಹವಿದ್ದ ದಿನಗಳಲ್ಲಿ ಇಟಾಲಿಯನ್ನರಿಂದಲೂ ಪಡೆದ.

ಕೊಳ್ಳುವುದಕ್ಕಿಂತ ಕಷ್ಟವಾದ ಕೆಲಸ ಬೇರೆ ಇತ್ತು. 1888ರ ಸುಮಾರಿಗೆ ದನಗಳಿಗೆ ದೊಡ್ಡರೋಗ ಬಂದು ದೇಶದ ದನಕರು ಬಹುಪಾಲು ಸತ್ತವು. ಉಳಲು ಎತ್ತಿಲ್ಲ. ಮೇಲೆ ಅನಾವೃಷ್ಟಿ, ಮಿಡತೆ. 1892ರವರೆಗೆ ನಡೆದ ಆ ಭೀಕರ ಬರಗಾಲವನ್ನು ಅಲ್ಲಿನ ಜನ ಕೆಟ್ಟ ದಿನಗಳು ಅಂತಲೇ ನೆನೆಯುತ್ತಾರೆ. ಅದಾಗಿ ಮೂರೇ ವರ್ಷಕ್ಕೆ ಅದೇ ಜನರನ್ನು ಯುದ್ಧಕ್ಕೆ ಕರೆಯಬೇಕಾಯಿತು. 1895ರ ಸೆಪ್ಟೆಂಬರ್‌ನಲ್ಲಿ ಮೆನೆಲಿಕ್ ಡಂಗುರ ಹೊಡೆಸಿದ. ಸಮುದ್ರ ದಾಟಿ ಬಂದ ವೈರಿ ನೆಲ ಕೊರೆಯುತ್ತಿದ್ದಾನೆ, ಶಕ್ತಿ ಇದ್ದವರು ನನ್ನ ಜೊತೆ ಬನ್ನಿ, ಇಲ್ಲದವರು ಪ್ರಾರ್ಥನೆಯಿಂದ ನೆರವಾಗಿ ಅನ್ನುವುದು ಅದರ ಸಾರ.

ಜನ ಬಂದರು. ಅಮ್ಹಾರಾ, ಓರೊಮೊ, ಟಿಗ್ರಾಯ್, ಗೊಜ್ಜಾಮ್, ವೊಲ್ಲೊ, ಹರಾರ್, ಹೀಗೆ ನಾನಾ ಕಡೆಯ ಸರದಾರರು ತಂತಮ್ಮ ಪಡೆ ಕಟ್ಟಿಕೊಂಡು ಬಂದರು. ಇವರಲ್ಲಿ ಕೆಲವರು ಕೆಲವೇ ವರ್ಷಗಳ ಹಿಂದೆ ಮೆನೆಲಿಕ್‌ನ ವಿರುದ್ಧವೇ ಕತ್ತಿ ಹಿಡಿದವರು. ಟಿಗ್ರಾಯ್‌ನ ರಾಸ್ ಮೆಂಗೆಶಾ ಸತ್ತ ಚಕ್ರವರ್ತಿ ಯೋಹಾನ್ನಿಸ್‌ನ ಮಗ, ಸಿಂಹಾಸನ ತನ್ನದು ಅಂದುಕೊಂಡಿದ್ದವನು. ಅವನೂ ಬಂದು ನಿಂತ. ಸ್ಥಳೀಯ ಸರದಾರರು ಮೆನೆಲಿಕ್‌ನ ವಿರುದ್ಧ ಏಳುತ್ತಾರೆ ಅಂತ ಇಟಲಿ ಲೆಕ್ಕ ಹಾಕಿತ್ತು. ಆ ಲೆಕ್ಕ ಅಲ್ಲೇ ತಲೆಕೆಳಗಾಯಿತು. ಅಡ್ವಾದ ಅರ್ಧ ಗೆಲುವು ಇದರಲ್ಲೇ ಇದೆ ಅನ್ನುವುದು ನಮ್ಮ ಅಭಿಪ್ರಾಯ.

ರಾಣಿ ತಾಯ್ತು ನಿಜಕ್ಕೂ ಯುದ್ಧಕ್ಕೆ ಹೋಗಿದ್ದಳೇ?

ಹೋಗಿದ್ದಳು, ತನ್ನದೇ ಪಡೆಯ ಜೊತೆ. ಅವಳ ದೊಡ್ಡ ಕೆಲಸ ಕಂಡದ್ದು ಅಡ್ವಾಕ್ಕಿಂತ ಮೊದಲು, ಮೆಕೆಲೆಯಲ್ಲಿ. 1895ರ ಡಿಸೆಂಬರ್‌ನಲ್ಲಿ ಅಂಬಾ ಅಲಾಗಿ ಬೆಟ್ಟದ ಮೇಲೆ ಮೇಜರ್ ತೊಸೆಲ್ಲಿಯ ತುಕಡಿ ಸೋತು ಅವನೂ ಸತ್ತ ಮೇಲೆ, ಇಟಾಲಿಯನ್ನರು ಮೆಕೆಲೆಯ ಕೋಟೆಯಲ್ಲಿ ಸೇರಿಕೊಂಡಿದ್ದರು. ಕೋಟೆ ಗಟ್ಟಿಯಾಗಿತ್ತು. ಹತ್ತಲು ಹೋದವರು ಗುಂಡಿಗೆ ಬೀಳುತ್ತಿದ್ದರು. ಕೋಟೆಗೆ ನೀರು ಸಿಗುತ್ತಿದ್ದ ಒರತೆ ಗೋಡೆಯ ಹೊರಗಿತ್ತು. ಅದನ್ನು ಹಿಡಿದುಬಿಡಿ ಅಂದವಳು ತಾಯ್ತು. ಅವಳ ಜನ ಒರತೆ ಹಿಡಿದು, ಬಿಟ್ಟುಕೊಡದೆ ಕಾದರು. ಒಳಗಿದ್ದವರ ಗಂಟಲು ಒಣಗಿತು. 1896ರ ಜನವರಿ ಕೊನೆಗೆ ಕೋಟೆಯ ಮುಖ್ಯಸ್ಥ ಮೇಜರ್ ಗಲ್ಲಿಯಾನೊ ಕೋಟೆ ಬಿಟ್ಟುಕೊಟ್ಟ. ಮೆನೆಲಿಕ್ ಅವರನ್ನು ಕೊಲ್ಲದೆ ಹೋಗಲು ಬಿಟ್ಟ.

ಅಡ್ವಾದ ದಿನ ಸಾವಿರಾರು ಹೆಂಗಸರು ಕೊಡಗಳಲ್ಲಿ ನೀರು ಹೊತ್ತು ಹೋರಾಡುವವರಿಗೆ, ಗಾಯಾಳುಗಳಿಗೆ ಕೊಟ್ಟರು. ಒಂದು ಲಕ್ಷ ಜನರ ಸೈನ್ಯ ತಿಂಗಳುಗಟ್ಟಲೆ ನಡೆಯುವಾಗ ಹಿಟ್ಟು ಬೀಸಿ ರೊಟ್ಟಿ ಸುಟ್ಟು ಹಾಕಿದವರೂ ಅವರೇ. ಇವರ ಹೆಸರುಗಳು ಎಲ್ಲೂ ಉಳಿದಿಲ್ಲ.

ಅಡ್ವಾದಲ್ಲಿ ಆ ದಿನ ಏನಾಯಿತು?

ಫೆಬ್ರವರಿ ಕೊನೆಗೆ ಎರಡೂ ಸೈನ್ಯಗಳು ಎದುರುಬದುರು ಬಂದು ಕೂತಿದ್ದವು. ಎರಡಕ್ಕೂ ಆಹಾರ ಮುಗಿಯುತ್ತಾ ಬಂದಿತ್ತು. ಕಾದಷ್ಟೂ ಮೆನೆಲಿಕ್‌ಗೇ ನಷ್ಟ ಅಂತ ಇಟಲಿಯ ಜನರಲ್ ಬರಾತಿಯೇರಿಗೆ ಗೊತ್ತಿತ್ತು. ಅಷ್ಟು ದೊಡ್ಡ ಸೈನ್ಯಕ್ಕೆ ಉಣ್ಣಿಸುವುದು ಸುಲಭದ ಮಾತಲ್ಲ. ಆದರೆ ರೋಮ್‌ನಿಂದ ಪ್ರಧಾನಿ ಕ್ರಿಸ್ಪಿಯ ಟೆಲಿಗ್ರಾಂ ಬಂತು. ಇದು ಯುದ್ಧವಲ್ಲ, ಸೈನ್ಯಕ್ಕೆ ಹಿಡಿದ ಕ್ಷಯ ಅಂತ ಅದರಲ್ಲಿ ಹಂಗಿಸಿದ್ದ. ಬರಾತಿಯೇರಿಯ ಜಾಗಕ್ಕೆ ಬೇರೊಬ್ಬ ಜನರಲ್‌ನನ್ನು ರೋಮ್ ಅದಾಗಲೇ ಗುಟ್ಟಾಗಿ ನೇಮಿಸಿತ್ತು. ಕೈಕೆಳಗಿನ ನಾಲ್ವರು ಬ್ರಿಗೇಡ್ ಮುಖ್ಯಸ್ಥರೂ ಮುಂದೆ ಹೋಗೋಣ ಅಂದರು.

ಫೆಬ್ರವರಿ 29ರ ರಾತ್ರಿ ಸುಮಾರು 17,000 ಜನ, 56 ಫಿರಂಗಿ ಹೊರಟವು. ಇವರಲ್ಲಿ 10,000ಕ್ಕೂ ಹೆಚ್ಚು ಇಟಾಲಿಯನ್ನರು, ಉಳಿದವರು ಅಸ್ಕರಿಗಳು, ಅಂದರೆ ಇಟಲಿಯ ಸೈನ್ಯಕ್ಕೆ ಸೇರಿದ ಅಲ್ಲಿನದೇ ಜನ. ಕತ್ತಲಲ್ಲಿ ಮೂರು ದಾರಿಯಲ್ಲಿ ನಡೆದು, ಬೆಳಗಾಗುವಷ್ಟರಲ್ಲಿ ಮುಂದಿನ ಎತ್ತರದ ಜಾಗಗಳನ್ನು ಹಿಡಿಯುವುದು, ಮೆನೆಲಿಕ್ ಮೇಲೆ ಬಿದ್ದರೆ ಅಲ್ಲೇ ಎದುರಿಸುವುದು, ಬೀಳದಿದ್ದರೆ ಗೌರವ ಉಳಿಸಿಕೊಂಡು ಹಿಂದಿರುಗುವುದು ಯೋಜನೆ.

ಎಡಗಡೆಯ ಜನರಲ್ ಅಲ್ಬೆರ್ತೋನೆಗೆ ಕಿದಾನೆ ಮೆಹ್ರೆತ್ ಎಂಬ ಗುಡ್ಡ ಹಿಡಿಯಲು ಹೇಳಿದ್ದರು. ಕೈಯಲ್ಲಿದ್ದದ್ದು ಅಂದಾಜಿನ ಮೇಲೆ ಬರೆದ ನಕ್ಷೆ. ಅದರಲ್ಲಿ ಬೇರೊಂದು ಗುಡ್ಡಕ್ಕೆ ಆ ಹೆಸರು ಹಾಕಿದ್ದರು. ನಕ್ಷೆಯ ಗುಡ್ಡಕ್ಕೆ ಅವನು ಬಂದು ಮುಟ್ಟಿದ್ದ ಕೂಡ. ಆದರೆ ದಾರಿ ತೋರಿಸುವ ಸ್ಥಳೀಯರು, ಕಿದಾನೆ ಮೆಹ್ರೆತ್ ಇದಲ್ಲ, ಇನ್ನೂ ಮುಂದಿದೆ ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಅವನು ಹಲವು ಕಿಲೋಮೀಟರ್ ಮುಂದೆ ನಡೆದ. ಬೆಳಗಿನ ಜಾವ ಆರರ ಹೊತ್ತಿಗೆ ಉಳಿದ ಬ್ರಿಗೇಡ್‌ಗಳಿಂದ ದೂರವಾಗಿ, ಒಂಟಿಯಾಗಿ, ಇಥಿಯೋಪಿಯಾದ ಇಡೀ ಸೈನ್ಯದ ಎದುರು ನಿಂತಿದ್ದ.

ಮೆನೆಲಿಕ್, ತಾಯ್ತು, ದೊಡ್ಡ ಸರದಾರರು ಆಗ ಬೆಳಗಿನ ಪ್ರಾರ್ಥನೆಯಲ್ಲಿದ್ದರು. ಸುದ್ದಿ ಬಂದದ್ದೇ ತಡ, ಸೈನ್ಯ ನುಗ್ಗಿತು. ಅಲ್ಬೆರ್ತೋನೆಯ ಬ್ರಿಗೇಡ್ ಮಧ್ಯಾಹ್ನದೊಳಗೆ ಮುರಿದುಬಿತ್ತು, ಅವನೇ ಸೆರೆ ಸಿಕ್ಕ. ಓಡಿ ಬರುತ್ತಿದ್ದ ಅವನ ಜನರ ಹಿಂದೆಯೇ ಇಥಿಯೋಪಿಯಾದವರು ನಡುವಿನ ಬ್ರಿಗೇಡ್‌ಗಳ ಮೇಲೆ ಬಿದ್ದರು. ಜನರಲ್ ಅರಿಮೋಂದಿ ಸತ್ತ. ಬಲಗಡೆಯ ಜನರಲ್ ದಬೋರ್ಮಿದಾ ನೆರವಿಗೆ ಹೊರಟು ದಾರಿ ತಪ್ಪಿ ಬೇರೊಂದು ಕಣಿವೆಗೆ ಇಳಿದಿದ್ದ. ಅಲ್ಲೇ ಸುತ್ತುವರಿದು ಅವನನ್ನೂ ಮುಗಿಸಿದರು. 56 ಫಿರಂಗಿಗಳೂ ಮೆನೆಲಿಕ್ ಪಾಲಾದವು.

ಇಟಲಿಯ ಸೋಲಿಗೆ ನಕ್ಷೆಯೇ ಕಾರಣ ಅಂತ ಬರೆಯುವವರಿದ್ದಾರೆ. ತಪ್ಪು ನಕ್ಷೆ ಇಟಾಲಿಯನ್ನರನ್ನು ಚೂರುಚೂರು ಮಾಡಿತು, ಒಪ್ಪೋಣ. ಆದರೆ ಆ ತಪ್ಪನ್ನು ಒಂದೇ ಬೆಳಿಗ್ಗೆಯಲ್ಲಿ ಬಳಸಿಕೊಳ್ಳಬೇಕಾದರೆ ಎದುರಿಗೆ ಸಜ್ಜಾದ, ಒಬ್ಬ ನಾಯಕನ ಮಾತು ಕೇಳುವ ಸೈನ್ಯ ಇರಬೇಕು ಅಲ್ವಾ?

ಎಷ್ಟು ಜನ ಸತ್ತರು?

ಲೆಕ್ಕಗಳು ಒಂದೇ ಸಮ ಇಲ್ಲ. ಇಟಲಿಯ ಕಡೆ ಅಸ್ಕರಿಗಳೂ ಸೇರಿ ಸುಮಾರು 6,000 ಜನ ಸತ್ತರು, ಸಾವಿರಾರು ಜನ ಸೆರೆಯಾದರು. ಇಥಿಯೋಪಿಯಾದ ಕಡೆ 4,000ದಿಂದ 7,000 ಅಂತ ಅಂದಾಜು. ಗಾಯಗೊಂಡವರು ಇನ್ನೂ ಹೆಚ್ಚು. ಮುಂದಾಳಾಗಿ ಹೋರಾಡಿದ ಫಿತಾವ್ರಾರಿ (ಮುಂಚೂಣಿ ಪಡೆಯ ನಾಯಕನ ಬಿರುದು) ಗೆಬೆಯೆಹು ಅಲ್ಲೇ ಸತ್ತ.

ಸಂಭ್ರಮದ ದಿನ ಹೆಚ್ಚಿನವರು ಮಾತಾಡದ ಸಂಗತಿಯೂ ಒಂದಿದೆ. ಸೆರೆ ಸಿಕ್ಕ ಇಟಾಲಿಯನ್ನರನ್ನು ಬಹುಮಟ್ಟಿಗೆ ಚೆನ್ನಾಗಿ ನೋಡಿಕೊಂಡರು. ಅಸ್ಕರಿಗಳನ್ನು ಮಾತ್ರ ದೇಶದ್ರೋಹಿಗಳೆಂದು ಎಣಿಸಿ, ನೂರಾರು ಜನರ ಬಲಗೈ ಮತ್ತು ಎಡಗಾಲು ಕತ್ತರಿಸಿದರು. ಆ ಕಾಲದ ಶಿಕ್ಷೆ ಅದು ಅಂತ ವಾದಿಸುವವರಿದ್ದಾರೆ. ನಮಗೆ ಅದು ಕ್ರೌರ್ಯವಾಗಿಯೇ ಕಾಣುತ್ತದೆ. ಅಡ್ವಾದ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳಬಾರದು.

ಗೆದ್ದ ಮೇಲೆ ಎರಿಟ್ರಿಯಾದಿಂದಲೂ ಇಟಲಿಯನ್ನು ಯಾಕೆ ಓಡಿಸಲಿಲ್ಲ?

ಸೈನ್ಯಕ್ಕೆ ಊಟವಿರಲಿಲ್ಲ. ಆ ಭಾಗದ ಹಳ್ಳಿಗಳು ಬರದಿಂದ, ಸೈನ್ಯಗಳ ಓಡಾಟದಿಂದ ಬರಿದಾಗಿದ್ದವು. ಗಾಯಾಳುಗಳು ಸಾವಿರಾರು. ಇಟಲಿಯಿಂದ ಹೊಸ ಪಡೆಗಳು ಬಂದು ಇಳಿಯುತ್ತಿದ್ದವು. ಮೆನೆಲಿಕ್ ಹಿಂದಿರುಗಿದ. 1896ರ ಅಕ್ಟೋಬರ್ 26ರಂದು ಅಡಿಸ್ ಅಬಾಬಾದಲ್ಲಿ ಆದ ಒಪ್ಪಂದ ವುಚಾಲೆಯನ್ನು ಅಳಿಸಿಹಾಕಿತು, ಇಥಿಯೋಪಿಯಾದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಎರಿಟ್ರಿಯಾ ಇಟಲಿಯ ಕೈಯಲ್ಲೇ ಉಳಿಯಿತು. ಈ ನಿರ್ಧಾರದ ಬಗ್ಗೆ ಎರಡೂ ದೇಶಗಳಲ್ಲಿ ಇವತ್ತಿಗೂ ವಾದ ನಿಂತಿಲ್ಲ.

ಇಟಲಿಯಲ್ಲಿ ಏನಾಯಿತು?

ಬೀದಿಗಳಲ್ಲಿ ಗಲಭೆ. ಮೆನೆಲಿಕ್‌ಗೆ ಜೈ ಅಂತ ಕೂಗಿದವರೂ ಇದ್ದರು. ಕೆಲವೇ ದಿನಗಳಲ್ಲಿ ಕ್ರಿಸ್ಪಿಯ ಸರ್ಕಾರ ಬಿತ್ತು. ಬರಾತಿಯೇರಿಯನ್ನು ಸೇನಾ ನ್ಯಾಯಾಲಯಕ್ಕೆ ಎಳೆದು, ಶಿಕ್ಷೆ ಕೊಡದೆ ಬಿಟ್ಟರು. ಸೋಲಿನ ಅವಮಾನ ಮಾತ್ರ ಮುಂದಿನ ತಲೆಮಾರಿಗೂ ಹರಿಯಿತು. 1935ರ ಅಕ್ಟೋಬರ್‌ನಲ್ಲಿ ಮುಸ್ಸೊಲಿನಿ ಇಥಿಯೋಪಿಯಾದ ಮೇಲೆ ದಂಡೆತ್ತಿದಾಗ, ಮೊದಲ ವಾರದಲ್ಲೇ ಹಿಡಿದ ಊರುಗಳಲ್ಲಿ ಅಡ್ವಾ ಒಂದು. ಈ ಸಲ ವಿಮಾನಗಳಿದ್ದವು, ವಿಷಾನಿಲವಿತ್ತು.

ಹಾಗಾದರೆ ಮೇ 5ರ ರಜೆಯೂ ಇದೇ ಗೆಲುವಿನದ್ದಾ?

ಅಲ್ಲ. ಅದು ದೇಶಪ್ರೇಮಿಗಳ ವಿಜಯ ದಿನ. 1936ರ ಮೇ 5ರಂದು ಇಟಲಿಯ ಸೈನ್ಯ ಅಡಿಸ್ ಅಬಾಬಾ ಹೊಕ್ಕಿತು. ಸರಿಯಾಗಿ ಐದು ವರ್ಷದ ನಂತರ ಅದೇ ದಿನ ಚಕ್ರವರ್ತಿ ಹೈಲೆ ಸೆಲಾಸಿ ರಾಜಧಾನಿಗೆ ವಾಪಸ್ ಬಂದ. ಅವನ ಅಪ್ಪ ರಾಸ್ ಮಕೋನ್ನೆನ್ ಅಡ್ವಾದಲ್ಲಿ ಮೆನೆಲಿಕ್‌ನ ದಂಡನಾಯಕರಲ್ಲಿ ಒಬ್ಬ.

ನಮಗೆ ನಂಟಿರುವುದು ಈ ಎರಡನೇ ಗೆಲುವಿನ ಜೊತೆ. 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯ ಬೆನ್ನು ಮುರಿದ ಕಾಳಗದಲ್ಲಿ ಭಾರತದ ನಾಲ್ಕನೇ ಮತ್ತು ಐದನೇ ಡಿವಿಷನ್‌ಗಳಿದ್ದವು. ಬೆಂಗಳೂರಿನಲ್ಲಿ ನೆಲೆ ಇರುವ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಜನರೂ ಆ ಕಾರ್ಯಾಚರಣೆಯಲ್ಲಿದ್ದರು.

ಆಚರಣೆ ಯಾವಾಗಿನಿಂದ ಇದೆ? ಸರ್ಕಾರಗಳು ಬದಲಾದಾಗ ಏನಾಯಿತು?

ಮೆನೆಲಿಕ್ ಬದುಕಿದ್ದಾಗಲೇ ಆಚರಣೆ ಶುರುವಾಗಿತ್ತು. ಅಡಿಸ್ ಅಬಾಬಾದ ಸಂತ ಜಾರ್ಜ್ ಚರ್ಚು ಆ ಗೆಲುವಿನ ನೆನಪಿಗೇ ಎದ್ದದ್ದು. ಅದರ ಮುಂದಿನ ಚೌಕದಲ್ಲಿ ಕುದುರೆ ಏರಿದ ಮೆನೆಲಿಕ್‌ನ ಪ್ರತಿಮೆ 1930ರಲ್ಲಿ ಬಂತು. ಇಟಾಲಿಯನ್ನರು ಊರು ಹಿಡಿದಾಗ ಆ ಪ್ರತಿಮೆಯನ್ನು ಕಿತ್ತು ಹೂತುಹಾಕಿದರು. ಸ್ವಾತಂತ್ರ್ಯ ಮರಳಿದ ಮೇಲೆ ಅದನ್ನು ಹೊರತೆಗೆದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು.

1974ರಲ್ಲಿ ಚಕ್ರವರ್ತಿಯನ್ನೇ ಇಳಿಸಿದ ಸೇನಾ ಸರ್ಕಾರವೂ ಈ ದಿನವನ್ನು ಕೈಬಿಡಲಿಲ್ಲ. ದೊರೆಯ ಹೆಸರು ಕಡಿಮೆ ಮಾಡಿ, ಜನ ಸಾಮ್ರಾಜ್ಯಶಾಹಿಯನ್ನು ಸೋಲಿಸಿದ ದಿನ ಅಂತ ಹೇಳಿತು. 1991ರ ನಂತರ ಬಂದವರೂ ಉಳಿಸಿಕೊಂಡರು, 1996ರಲ್ಲಿ ನೂರನೇ ವರ್ಷ ಆಚರಿಸಿದರು.

ಬೇರೆ ಆಫ್ರಿಕನ್ನರಿಗೂ ಇದು ಯಾಕೆ ಮುಖ್ಯ?

ಆಗ ಖಂಡದಲ್ಲಿ ಲೈಬೀರಿಯಾ ಬಿಟ್ಟರೆ ತಲೆ ಎತ್ತಿ ನಿಂತ ದೇಶ ಬಹುತೇಕ ಇದೊಂದೇ. ಹೈಟಿಯ ಬೆನಿತೊ ಸಿಲ್ವೇನ್ ಅಡ್ವಾ ಆದ ಮರುವರ್ಷವೇ ಮೆನೆಲಿಕ್‌ನನ್ನು ನೋಡಲು ಬಂದ, 1900ರಲ್ಲಿ ಲಂಡನ್‌ನ ಮೊದಲ ಪ್ಯಾನ್ ಆಫ್ರಿಕನ್ (ಆಫ್ರಿಕಾ ಮೂಲದವರೆಲ್ಲರ ಒಗ್ಗಟ್ಟಿನ) ಸಮ್ಮೇಳನದಲ್ಲಿ ಭಾಗವಹಿಸಿದ. ಘಾನಾ 1957ರಲ್ಲಿ ಸ್ವತಂತ್ರವಾದಾಗ ತನ್ನ ಧ್ವಜಕ್ಕೆ ಇಥಿಯೋಪಿಯಾದ ಹಸಿರು, ಹಳದಿ, ಕೆಂಪು ಬಣ್ಣಗಳನ್ನು ಆರಿಸಿಕೊಂಡಿತು. ಆಮೇಲೆ ಎಷ್ಟೋ ದೇಶಗಳು ಅದೇ ಬಣ್ಣ ಹಿಡಿದವು. 1963ರಲ್ಲಿ ಆಫ್ರಿಕನ್ ಏಕತಾ ಸಂಘಟನೆ ಹುಟ್ಟಿದ್ದೂ ಅಡಿಸ್ ಅಬಾಬಾದಲ್ಲೇ.

ಈ ದಿನದ ಬಗ್ಗೆ ಇಥಿಯೋಪಿಯಾದಲ್ಲೇ ಜಗಳ ಇದೆಯಂತೆ?

ಇದೆ. ಜಗಳ ಗೆಲುವಿನ ಬಗ್ಗೆ ಅಲ್ಲ, ಮೆನೆಲಿಕ್‌ನ ಬಗ್ಗೆ. ಇಟಲಿಯನ್ನು ತಡೆದ ಅದೇ ದೊರೆ, ಅದೇ ಬಂದೂಕುಗಳಿಂದ ದಕ್ಷಿಣದ ನಾಡುಗಳನ್ನು ಗೆದ್ದು ಸೇರಿಸಿಕೊಂಡವನು. 1894ರಲ್ಲಿ ವೊಲಾಯ್ತಾ, 1897ರಲ್ಲಿ ಕಾಫಿಯ ತವರು ಅನ್ನುವ ಕಾಫಾ, ಇವೆಲ್ಲ ರಕ್ತ ಹರಿದೇ ಸೇರಿದವು. ಓರೊಮೊ ಜನರಲ್ಲಿ ಅನೇಕರಿಗೆ ಅವನ ಪ್ರತಿಮೆ ನೋಡಿದರೆ ಆ ದಂಡಯಾತ್ರೆಗಳ ನೆನಪು. ಆದರೆ ಅಡ್ವಾದಲ್ಲಿ ಓರೊಮೊ ಕುದುರೆ ಸವಾರರೂ ಪ್ರಾಣ ಕೊಟ್ಟಿದ್ದಾರೆ. ಗೆಲುವು ನಮ್ಮದೂ ಹೌದು, ದೊರೆಯನ್ನು ಮಾತ್ರ ಹೊಗಳಲಾರೆವು ಅನ್ನುವವರ ಮಾತಿನಲ್ಲಿ ನ್ಯಾಯವಿದೆ. 2020ರಿಂದ 2022ರವರೆಗೆ ಟಿಗ್ರಾಯ್‌ನಲ್ಲಿ ಅಂತರ್ಯುದ್ಧ ನಡೆದಾಗ ಅಡ್ವಾ ಊರೇ ಸಂಕಟದಲ್ಲಿತ್ತು. 2023ರಲ್ಲಿ ಮೆನೆಲಿಕ್ ಚೌಕದಲ್ಲಿ ಸೇರಿದ್ದ ಜನರ ಮೇಲೆ ಭದ್ರತಾ ಪಡೆಗಳು ಅಶ್ರುವಾಯು ಹಾರಿಸಿದವು.

ಆ ದಿನ ಅಲ್ಲಿದ್ದರೆ ಏನು ನೋಡಬಹುದು?

ಅಡಿಸ್ ಅಬಾಬಾದಲ್ಲಿದ್ದರೆ ಬೆಳಿಗ್ಗೆ ಬೇಗ ಪಿಯಾಸ್ಸಾ ಬಡಾವಣೆಗೆ ಹೋಗಬೇಕು. ಮೆನೆಲಿಕ್ ಪ್ರತಿಮೆ, ಸಂತ ಜಾರ್ಜ್ ಚರ್ಚು ಎರಡೂ ಅಲ್ಲೇ ಇವೆ. ಬಿಳಿ ಹತ್ತಿ ಬಟ್ಟೆ ಹೊದ್ದ ಹೆಂಗಸರು, ಸಿಂಹದ ಕೇಸರವನ್ನು ತಲೆಗೆ ಕಟ್ಟಿ, ಗುರಾಣಿ, ಹಳೇ ಬಂದೂಕು ಹಿಡಿದ ಮುದುಕರು, ಅಲಂಕರಿಸಿದ ಕುದುರೆಗಳು ಕಾಣುತ್ತವೆ. ತನ್ನ ಮನೆತನದ ಶೌರ್ಯ ಹೇಳಿಕೊಂಡು ಕುಣಿಯುವ ಹಳೇ ಪದ್ಧತಿಯನ್ನು ಹುಡುಗರೂ ಕಲಿತಿದ್ದಾರೆ. 2024ರ ಫೆಬ್ರವರಿಯಲ್ಲಿ ಅಲ್ಲೇ ಹತ್ತಿರ ಅಡ್ವಾ ವಿಜಯ ಸ್ಮಾರಕ ತೆರೆಯಿತು. ಅದನ್ನು ನೋಡಲು ಅರ್ಧ ದಿನ ಇಟ್ಟುಕೊಳ್ಳಿ. ಸರ್ಕಾರಿ ಕಚೇರಿ, ಬ್ಯಾಂಕ್ ಮುಚ್ಚಿರುತ್ತವೆ, ಹಣ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ.

ಕೆಲವು ಯುವಕರು ರಾಜಧಾನಿಯಿಂದ ಅಡ್ವಾದವರೆಗೆ, ಸುಮಾರು ಸಾವಿರ ಕಿಲೋಮೀಟರ್, ಮೆನೆಲಿಕ್‌ನ ಸೈನ್ಯ ಹೋದ ದಿಕ್ಕಿನಲ್ಲೇ ನಡೆದು ಹೋಗುವ ಪರಿಪಾಠ ಬೆಳೆಸಿದ್ದಾರೆ. ಗುಜೊ ಅಡ್ವಾ ಅಂತ ಅದರ ಹೆಸರು. ನಡೆಯಲಾಗದವರು ಅಕ್ಸುಮ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಅಡ್ವಾ ತಲುಪಬಹುದು. ಎರಡೂ ಅಕ್ಕಪಕ್ಕದ ಊರುಗಳು. ಹೊರಡುವ ಮುನ್ನ ಟಿಗ್ರಾಯ್‌ನ ಪರಿಸ್ಥಿತಿ ಹೇಗಿದೆ ಅಂತ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.